ದೇಜಪ್ಪನ ಕಿರೀಟ

ಕಿರೀಟ ಮಾಡಿಸಿದ್ದು ದೇಜಪ್ಪನ ತಲೆಯ ಅಳತೆಗೆ.
ನನ್ನದು ಸಣ್ಣ ತಲೆ.
ಮೇಷ್ಟ್ರು ಮರಾಠಿ ಪೇಪರು ಮಡಚಿ ಒಳಗೆ ತುರುಕಿದರು.
ಕತ್ತು ಹೊರಳಿಸಿದಾಗೆಲ್ಲ ಪರಪರ ಅನ್ನುತ್ತಿತ್ತು
ಮೊದಲ ಅಂಕದಿಂದ ಐದರವರೆಗೂ.

ಫೋರ್ಟಿನ ರಾತ್ರಿಶಾಲೆ, ಎಪ್ಪತ್ತಮೂರನೆಯ ಇಸವಿ.
ಹಗಲೆಲ್ಲ ಲೋಟ ತೊಳೆದವರು, ಟೇಬಲ್ಲು ಒರೆಸಿದವರು
ಒಂಬತ್ತರ ಮೇಲೆ ಬೆಂಚಿನಲ್ಲಿ ಕೂತು
ಸಂಧಿ ಬಿಡಿಸುತ್ತ ತೂಕಡಿಸುತ್ತಿದ್ದೆವು.
ವಾರ್ಷಿಕೋತ್ಸವಕ್ಕೆ ಕಾಂತಪ್ಪ ಮೇಷ್ಟ್ರು ಆರಿಸಿದ್ದು
ಯಾವುದೋ ಸೀಮೆಯ ಹಳೆಯ ದುರಂತ:
ಬೇಟೆಯ ನೆಪದಲ್ಲಿ ಅಣ್ಣನನ್ನು ಮುಗಿಸಿದ ಅರಸ,
ಆಮೇಲೆ ನಾಲ್ಕು ಅಂಕ ಅವನಿಗೆ ನಿದ್ದೆಯಿಲ್ಲ.

ಅರಸ ದೇಜಪ್ಪನೇ, ಬೇರೆ ಮಾತಿಲ್ಲ.
ಅವನ ಗಂಟಲೆಂದರೆ,
'ಎರಡು ಇಡ್ಲಿ ಒಂದು ವಡೆ' ಅಂದರೂ
ಶಾಸನ ಓದಿದ ಹಾಗೆ.
ನನಗೆ ದ್ವಾರಪಾಲಕನ ಪಾರ್ಟು. ಮಾತು ಎರಡೇ.
ಆದರೆ ರಾತ್ರಿ ಚಾಪೆಯ ಮೇಲೆ ಅವನು ಬಾಯಿಪಾಠ ಹೇಳುವಾಗ
ಪುಸ್ತಕ ಹಿಡಿದು ಕೂರುತ್ತಿದ್ದವನು ನಾನು.

ಒಂದು ಸೋಮವಾರ ಗಲ್ಲಾದಲ್ಲಿ
ನಲವತ್ತೇಳು ರೂಪಾಯಿ ಕಮ್ಮಿ ಬಿತ್ತು.
ಧಣಿಗಳು ಕೂಗಾಡಲಿಲ್ಲ. ಮೆಲ್ಲಗೆ 'ಏರ್?' ಅಂದರು.
ಮ್ಯಾನೇಜರು ಎದ್ದು ಹೋದ ಹತ್ತು ನಿಮಿಷ
ಗಲ್ಲಾದಲ್ಲಿ ಕೂತಿದ್ದವನು ದೇಜಪ್ಪ.
ನೀರು ಕೊಟ್ಟು ಬಂದವನು ನಾನು. ಅದನ್ನು ಯಾರೂ ಕೇಳಲಿಲ್ಲ.
ಅವನು ನಿಂತೇ ಇದ್ದ.
ನಾನು ಒರೆಸಿದ ಟೇಬಲ್ಲನ್ನೇ ಒರೆಸುತ್ತಿದ್ದೆ.

ತಗಡಿನ ಪೆಟ್ಟಿಗೆ, ಸುತ್ತಿದ ಚಾಪೆ. ಹೊರಡುವಾಗ
ಪಾರ್ಟಿನ ಪುಸ್ತಕ ನನ್ನ ಕೈಗಿಟ್ಟ:
'ನಿನಗೆ ಬಾಯಿಗೆ ಬರ್ತದಲ್ಲ.'

ಪರೇಲಿನ ಸಭಾಗೃಹ. ಮೂರನೆಯ ಅಂಕ.
ಮುದಿ ಮಂತ್ರಿ ಕೇಳುತ್ತಾನೆ,
ಅಣ್ಣ ಬಿದ್ದ ಹೊತ್ತಿಗೆ ಎಲ್ಲಿದ್ದೆ, ಪ್ರಭು?
'ನಾನಿರಲಿಲ್ಲ ಅಲ್ಲಿ' ಅನ್ನಬೇಕು. ಅಷ್ಟೇ.
ಸೈಡ್‌ವಿಂಗಿನಿಂದ ಮೇಷ್ಟ್ರು ಪಿಸುಗುಟ್ಟಿದರು,
ಒಂದು ಸಲ, ಎರಡು ಸಲ,
ಮೂರನೆಯ ಸಲ ಮೊದಲ ಸಾಲಿಗೂ ಕೇಳಿಸಿತು.
ಹೆಂಗಸರ ಕಡೆ ಒಂದು ಕೂಸು ಅತ್ತಿತು.
ಹೇಳಿದೆ ಕೊನೆಗೆ. ನನಗೇ ಕೇಳಿಸಲಿಲ್ಲ.

ಐದನೆಯದರಲ್ಲಿ ಮಾತ್ರ ಪ್ರಾಂಪ್ಟು ಬೇಕಾಗಲಿಲ್ಲ.
ಅತ್ತೆ. ಮೀಸೆಯ ಗೋಂದು ಬಿಟ್ಟುಕೊಂಡಿತು.
ಜನ ಎದ್ದು ನಿಂತು ಚಪ್ಪಾಳೆ ಹೊಡೆದರು,
ಏನು ಅಭಿನಯ, ಏನು ಅಭಿನಯ!
ಉತ್ತಮ ನಟನೆಂದು ಸ್ಟೀಲಿನ ತಟ್ಟೆ ಕೊಟ್ಟರು,
ಕೆತ್ತಿದ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು.

ಬಣ್ಣದ ಕೋಣೆಗೆ ಬಂದವನು ದೇಜಪ್ಪ.
ಎರಡು ರೂಪಾಯಿ ಟಿಕೇಟು, ಹತ್ತನೆಯ ಸಾಲು.
ಅಂಬರನಾಥದ ಕ್ಯಾಂಟೀನಿನಲ್ಲಿದ್ದೇನೆ ಅಂದ.
ತೆಂಗಿನೆಣ್ಣೆ ಅಂಗೈಗೆ ಹಾಕಿಕೊಂಡು
ನನ್ನ ಗಲ್ಲದ ಬಣ್ಣ ತಾನೇ ತೆಗೆದ,
ಕಣ್ಣಿನ ಹತ್ತಿರ ಬಂದಾಗ ನಿಧಾನಕ್ಕೆ.
'ಮೂರನೆಯದರಲ್ಲಿ ಸ್ವರ ಸಾಲಲಿಲ್ಲ.
ಮತ್ತೆ, ಅರಸನ ಕೈಯಲ್ಲಿ ವಾಚು ಇರಬಾರದು ಮಾರಾಯ.
ಹತ್ತನೆಯ ಸಾಲಿಗೂ ಹೊಳೀತದೆ.'

ಚೋರ್ ಬಜಾರಿನದು. ವಾಚಿಗೆ ನಲವತ್ತು, ಪಟ್ಟಿಗೆ ಏಳು.

'ಎಷ್ಟಾಯ್ತು ಈಗ?'
ಹನ್ನೊಂದೂ ಇಪ್ಪತ್ತು ಅಂದೆ.
'ಹಾಗಾದರೆ ಕೊನೇ ಗಾಡಿ ಸಿಗ್ತದೆ.'
ಎಣ್ಣೆಯ ಕೈ ಪಂಚೆಗೆ ಒರೆಸಿಕೊಂಡು ಹೋದ.

ಈಗ ಭಾಂಡುಪಿನಲ್ಲಿ ನನ್ನದೇ ಗಲ್ಲಾ.
ತಟ್ಟೆ ಚಟ್ನಿಯ ಪಾತ್ರೆಗೆ ಮುಚ್ಚಳ.
ವಾಚು ಎಂದೋ ನಿಂತಿದೆ, ಎಸೆದಿಲ್ಲ.
ಮೂವತ್ತು ವರ್ಷ ಒಂದು ಪೈಸೆ ತಪ್ಪದ ಲೆಕ್ಕ
ನಿನ್ನೆ ಮುನ್ನೂರು ಕಮ್ಮಿ ಬಂತು.
ನನ್ನ ಬಾಯಿಂದಲೇ ಬಂತು, ಮೆಲ್ಲಗೆ: 'ಏರ್?'

ಮೂಲೆಯಲ್ಲಿ ಝಾರ್ಖಂಡಿನ ಹೊಸ ಹುಡುಗ,
ತುಳುವಿನ ಒಂದಕ್ಷರ ಬಾರದವನು,
ಒರೆಸಿದ ಟೇಬಲ್ಲನ್ನೇ ಒರೆಸುತ್ತಿದ್ದ.

ಎದ್ದು ಹೋಗಿ ಅವನ ಕೈಯಿಂದ ಬಟ್ಟೆ ಇಸಕೊಂಡೆ.
ಮುಂದಿನ ಮಾತು ನೆನಪಾಗಲಿಲ್ಲ.
ಹಿಂದೆ, ಗೋಡೆಯಾಚೆ, ಒಂದು ಲೋಕಲ್ಲು ಹೋಯಿತು,
ಅಂಬರನಾಥದ್ದೇ ಇರಬೇಕು.